ಎರಡನೆಯ ಕೀಲಿಕೈ

ಬ್ಯಾಂಕಿನಾಗ ಏನ ಮಾಡ್ತಿದ್ದಿ ಅಜ್ಜಿ, ಅಂತ
ತಂಗಿಯ ಮೊಮ್ಮಗಳು ಕೇಳಿದಳು.
ಏನೂ ಮಾಡತಿರಲಿಲ್ಲವಾ, ಅಂದೆ,
ಅದೇ ನನ್ನ ಕೆಲಸ.

ಸಾಲ ಕೊಡಲಿಲ್ಲ, ವಸೂಲಿಗೆ ಹೋಗಲಿಲ್ಲ.
ಮಂದಿಯ ಷೇರು, ಮಂದಿಯ ಬಾಂಡು
ಇಟ್ಟಲ್ಲೇ ಇವೆಯೋ ಇಲ್ಲವೋ ನೋಡಿ
ಐದೂವರೆಗೆ ಚೀಲ ಹೆಗಲಿಗೆ ಹಾಕುತ್ತಿದ್ದೆ.

ತಿಜೋರಿಗೆ ಎರಡು ಕೀಲಿಕೈ.
ಒಂದು ಬಂದೇನವಾಜ ಕೆರೂರ ಅವರ ಸೊಂಟದಲ್ಲಿ,
ಇನ್ನೊಂದು ನನ್ನ ಕುಪ್ಪಸದೊಳಗೆ.
ಒಬ್ಬರೇ ಬಂದರೆ ಆ ಬಾಗಿಲು
ಬರೀ ಗೋಡೆ.

ಬ್ಯಾಂಕಿನ ರೊಕ್ಕ ಆಚೆ ಕೋಣೆಯಲ್ಲಿ,
ಮಂದಿಯದು ಈಚೆ.
ನಡುವೆ ಒಂದೂವರೆ ಇಟ್ಟಂಗಿ ದಪ್ಪದ ಗೋಡೆ.
'ಬಾಯಾರ, ಈ ಗೋಡೆ ಕಾಯೂದಕ್ಕ ನಮಗ ಪಗಾರ,'
ಅನ್ನುತ್ತಿದ್ದರು ಕೆರೂರ.
ಬ್ಯಾಂಕು ಮುಳುಗಿದರೂ
ಗುಳೇದಗುಡ್ಡದ ಖಣ ನೇಯುವವರ ಟ್ರಸ್ಟು ಮುಳುಗಬಾರದು.
ಒಮ್ಮೆ ಮ್ಯಾನೇಜರು ಕುರ್ಚಿ ಜರುಗಿಸಿಕೊಂಡು ಬಂದು
ಎರಡೇ ದಿನ, ಅಡವಿಟ್ಟು ಮತ್ತೆ ತಂದಿಡೋಣ, ಅಂದರು.
ಕೆರೂರ ಎಲೆಗೆ ಸುಣ್ಣ ಹಚ್ಚುತ್ತ ಇದ್ದವರು
ಹಚ್ಚುತ್ತಲೇ ಇದ್ದರು.
ಚಹಾ ಆರಿತು. ಮ್ಯಾನೇಜರು ಎದ್ದು ಹೋದರು.

ಅಷ್ಟರಲ್ಲಿ ಹಿನ್ನೀರು ಬಂತು.

ಊರಿಗೆ ಊರೇ ಕಿಟಕಿ ಕಿತ್ತುಕೊಂಡು
ನವನಗರಕ್ಕೆ ನಡೆದಿತ್ತು;
ಬಾಗಿಲಿಗೆ ನಂಬರು ಬರೆದು ಟ್ರ್ಯಾಕ್ಟರಿಗೆ ಹೇರಿದ್ದರು,
ಹೊಸ ಮನೆಯಲ್ಲಿ ಯಾವ ಬಾಗಿಲು ಯಾವ ಕೋಣೆಗೆಂದು
ಮರೆಯದ ಹಾಗೆ.
ಮನೆ ಮುಳುಗಿದ ಪರಿಹಾರದ ರೊಕ್ಕ
ಬಾಂಡಾಗಿ ತಿರುಗಿ ನಮ್ಮ ಹತ್ತಿರವೇ ಬಂದಿತ್ತು.
ಎಷ್ಟೋ ಮಂದಿಯ ಪಡಸಾಲೆ, ನ್ಯಾಗೊಂದಿ, ಹಿತ್ತಲ
ಅರಗಿನ ಮುದ್ರೆ ಒತ್ತಿದ ಲಕೋಟೆಯೊಳಗೆ
ಉಸಿರು ಬಿಗಿಹಿಡಿದು ಮಲಗಿದ್ದವು.

ನಮ್ಮ ಸರದಿ ಬಂದದ್ದು ಒಂದು ಶನಿವಾರ.
ಸಾವಿರದ ನೂರಾ ಹದಿನಾಲ್ಕು ಕಟ್ಟು, ಕೆಂಪು ದಾರ.
ಲಾರಿಗೆ ಹೇರುವಾಗ ನಾನು ಎಣಿಸಿದೆ,
ಸೆಕ್ಟರಿನ ಹೊಸ ಕಟ್ಟಡದಲ್ಲಿ ಇಳಿಸುವಾಗ ಅವರು.
ಸಾವಿರದ ನೂರಾ ಹದಿಮೂರು.

ಮತ್ತೆ ಎಣಿಸಿದೆವು. ಮತ್ತೆ ಹದಿಮೂರು.
ಡ್ರೈವರನ ಸೀಟು ಎತ್ತಿದೆವು, ತಾಡಪಾಲು ಝಾಡಿಸಿದೆವು.
ಹೊಸ ಸುಣ್ಣದ ವಾಸನೆ, ಕರೆಂಟಿಲ್ಲ,
ಕಂದೀಲಿನ ಬೆಳಕಲ್ಲಿ
ರಜಿಸ್ಟರಿನ ಸಾಲುಸಾಲಿಗೆ ಬೆರಳಿಟ್ಟು ಇಳಿದೆ.
ಏಳುನೂರಾ ಆರನೆಯ ನಂಬರು.
ಹೆಸರು ಓದಿ ಸುಮ್ಮನಾದೆ.

'ಯಾರದು?' ಅಂದರು.
ನಿಮ್ಮದು, ಅಂದೆ.

ಕೆರೂರ ನಕ್ಕುಬಿಟ್ಟರು, ಬೆನ್ನು ಸಡಿಲಾಯಿತು.
'ಹಂಗಾದ್ರ ಲೆಕ್ಕ ಸರಿ ಆತು ತಗೋರಿ.
ಮಂದೀದು ಒಂದೂ ಹೋಗಿಲ್ಲ.
ಕತ್ತಲಾತು, ಮನೀಗೆ ನಡೀರಿ.'

ಇಪ್ಪತ್ತು ವರ್ಷ ಅವರ ಮಾತಿಗೆ ಹೂಂ ಅಂದವಳು
ಅಂದು ಮಾತ್ರ ಕದಲಲಿಲ್ಲ.
ರಜಿಸ್ಟರದಾಗ ನಿಮ್ಮ ಹೆಸರೂ ಮಂದೀ ಹೆಸರ ರೀ, ಅಂದೆ.
ನೀವು ಬಿಟ್ಟುಕೊಡಬಹುದು,
ನಾ ಹ್ಯಾಂಗ ಬಿಟ್ಟುಕೊಡ್ಲಿ?

ಅದೇ ಲಾರಿಯಲ್ಲಿ ಇಳಿದೆವು ಹಳೇ ಊರಿಗೆ.
ಛಾವಣಿಯಿಲ್ಲದ ಓಣಿಗಳು, ನಾಯಿಯೂ ಬೊಗಳಲಿಲ್ಲ.
ನಮ್ಮ ಬ್ಯಾಂಕಿನ ಮೂರನೆಯ ಮೆಟ್ಟಿಲ ಮೇಲೆ
ನೀರು ಕೂತಿತ್ತು,
ಖಾತೆ ತೆರೆಯಲು ಬಂದವರ ಹಾಗೆ, ಸಾವಕಾಶ.
ಪಾದ ಅದ್ದಿಯೇ ಒಳಗೆ ಹೋದೆ.
ಅವರ ಕೀಲಿಕೈ, ನನ್ನ ಕೀಲಿಕೈ.
ಮೇಲಿನ ಅರೆಯ ಮೂಲೆಯಲ್ಲಿ, ಎಲ್ಲಕ್ಕೂ ಹಿಂದೆ,
ತನ್ನದೆಂದು ತಾನೇ ಹಿಂದಕ್ಕೆ ದೂಡಿದ್ದರಲ್ಲ,
ಇತ್ತು.

ಈಗ ಕಾಗದವೇ ಇಲ್ಲವಂತೆ, ಮೊಮ್ಮಗಳು ಹೇಳುತ್ತಾಳೆ,
ಎಲ್ಲ ಪರದೆಯ ಮೇಲಿನ ಅಂಕಿ.
ಇರಲಿ. ಅಲ್ಲಿಯೂ ಯಾರೋ ಇಬ್ಬರು
ಒಬ್ಬರನ್ನೊಬ್ಬರು ನಂಬದೆ, ಬಲು ಪ್ರೀತಿಯಿಂದ,
ಎಣಿಸುತ್ತಿರಬೇಕು.

ಆ ರಾತ್ರಿಯ ಪುಟ ಇನ್ನೂ ಕಣ್ಣ ಮುಂದಿದೆ:
ಕಟ್ಟು ಒಂದು. ಮುದ್ರೆ ಒಡೆದಿಲ್ಲ. ಒದ್ದೆಯಾಗಿಲ್ಲ.
ಅದರ ಕೆಳಗೆ ಕೆರೂರ
ಕಾಯ್ದವರ ಕಾಲಮ್ಮಿನಲ್ಲಿ ಒಮ್ಮೆ ಸಹಿ ಮಾಡಿದರು.
ಪೆನ್ನು ಝಾಡಿಸಿ,
ತುಸು ನಾಚುತ್ತ,
ಒಡೆಯರ ಕಾಲಮ್ಮಿನಲ್ಲಿ ಇನ್ನೊಮ್ಮೆ.